ಕಾಣೆಯಾದ ಮಗು, ಕಂಡವರ ಊಹೆ

(ಯಾದಗಿರಿಯಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಗುವೊಂದು ರಾತ್ರಿ ಮನೆಗೆ ಬಾರದಿದ್ದರೆ ಬೆಳಗಾಗುವುದರೊಳಗೆ ಊರು ಅದರ ಕಾರಣವನ್ನು ಕಂಡುಹಿಡಿದಿರುತ್ತದೆ. ಮಗು ಎಲ್ಲಿದೆ ಎಂಬುದನ್ನು ಮಾತ್ರ ಯಾರೂ ಕಂಡುಹಿಡಿದಿರುವುದಿಲ್ಲ. ಹಿಂದೆ ಮಕ್ಕಳ ಕಳ್ಳರು ಒಯ್ದರು ಎನ್ನುತ್ತಿದ್ದರು. ಈಗ ಫೋನಿನಲ್ಲಿ ಯಾರೋ ಪುಸಲಾಯಿಸಿ ಕರೆಸಿಕೊಂಡರು ಎನ್ನುತ್ತಾರೆ. ಇದು ಸುಳ್ಳೆಂದು ನಾನು ಹೇಳುವುದಿಲ್ಲ. ಎಷ್ಟೋ ಕಡೆ ನಿಜವಾಗಿದೆ. ಆದರೆ ಇಂಥ ಶಂಕೆಯನ್ನು ಪರೀಕ್ಷಿಸಲು ಸಿಗುವ ಕಾಲ ಬಹಳ ಸ್ವಲ್ಪ. ಅದು ಕೈತಪ್ಪಿದರೆ ಶಂಕೆ ಎಂದೆಂದಿಗೂ ಶಂಕೆಯಾಗಿಯೇ ಉಳಿಯುತ್ತದೆ, ತಾಯಿತಂದೆಗಳು ಅದರೊಡನೆಯೇ ಮುದುಕರಾಗುತ್ತಾರೆ.

ನಮ್ಮ ರಾಜ್ಯದಲ್ಲೇ ನಡೆದುದನ್ನು ನೋಡಿ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ 2025ರ ಫೆಬ್ರವರಿ 25ರ ಸಂಜೆ ಒಬ್ಬ ಪಿ.ಯು.ಸಿ. ವಿದ್ಯಾರ್ಥಿ ಕಾಣೆಯಾದ. ರೈಲು ಹಳಿಯ ಬಳಿ ಅವನ ಫೋನು ಮತ್ತು ರಕ್ತದ ಕಲೆಯಿದ್ದ ಚಪ್ಪಲಿ ಸಿಕ್ಕವು. ಇನ್ನೇನು ಬೇಕು? ಅಪಹರಣವೆಂದರು, ಕೊಲೆಯೆಂದರು, ಗಾಂಜಾದವರ ಕೆಲಸವೆಂದರು. ಅಂಗಡಿಗಳು ಬಾಗಿಲು ಹಾಕಿದವು. ಮಾರ್ಚ್ 8ರಂದು ಹುಡುಗ ಉಡುಪಿಯ ಒಂದು ದೊಡ್ಡ ಅಂಗಡಿಯಲ್ಲಿ ಜೀವಂತವಾಗಿ ಸಿಕ್ಕ. ಪರೀಕ್ಷೆಯ ಹೆದರಿಕೆಯಿಂದ ತಾನಾಗಿಯೇ ಮನೆ ಬಿಟ್ಟಿದ್ದನೆಂದು ಪೊಲೀಸರು ಹೇಳಿದರು. ಅಷ್ಟು ಜನ ಅಷ್ಟು ಊಹಿಸಿದರು. ಹೆದರಿದ ಹುಡುಗನ ಮನಸ್ಸನ್ನು ಊಹಿಸಿದವರು ಕಡಮೆ.

ಊಹೆಗೆ ಬಲಿಯಾದವರೂ ಇದ್ದಾರೆ. ಬೀದರ ಜಿಲ್ಲೆಯ ಮುರ್ಕಿ ನಮಗೆ ದೂರದ ಊರಲ್ಲ. 2018ರ ಜುಲೈ 13ರಂದು ಹೈದರಾಬಾದಿನಿಂದ ಬಂದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸಾಪಿನಲ್ಲಿ ಸುದ್ದಿ ಓಡಿತು. ಜನ ಕಾರನ್ನು ತಡೆದು ಬಡಿದರು, ಒಬ್ಬ ಇಂಜಿನಿಯರು ಸತ್ತ. ಅಂದು ಅಲ್ಲಿ ಯಾವ ಮಗುವೂ ಕಾಣೆಯಾಗಿರಲಿಲ್ಲ.

ಈಗ ಬಿಡಿಸಲಾಗದೆ ಉಳಿದಿರುವ ಒಂದು ಪ್ರಕರಣ. ಇಂಗ್ಲೆಂಡಿನ ಡಾನ್‌ಕಾಸ್ಟರ್ ಎಂಬ ಊರಿನ 14 ವರ್ಷದ ಹುಡುಗ 2007ರ ಸೆಪ್ಟೆಂಬರ್ 14ರಂದು ಶಾಲೆಗೆ ಹೋಗದೆ, ಮನೆಗೆ ಹಿಂತಿರುಗಿ ಬಟ್ಟೆ ಬದಲಿಸಿ, ಬ್ಯಾಂಕಿನಿಂದ 200 ಪೌಂಡು ತೆಗೆದು ಲಂಡನ್ನಿಗೆ ರೈಲು ಹತ್ತಿದ. ಹೋಗಿಬರುವ ಟಿಕೆಟಿಗೆ ಅರ್ಧ ಪೌಂಡು ಮಾತ್ರ ಹೆಚ್ಚು. ಆದರೂ ಹೋಗುವುದಕ್ಕಷ್ಟೆ ಟಿಕೆಟು ಕೊಂಡ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಕ್ಯಾಮರಾದಲ್ಲಿ ಬೆಳಿಗ್ಗೆ 11-25ಕ್ಕೆ ಹೊರಗೆ ಹೋಗುವುದು ಕಾಣುತ್ತದೆ. ಆಮೇಲೆ ಅವನನ್ನು ಕಂಡವರು ಯಾರೆಂಬುದು ಖಚಿತವಾಗಿಲ್ಲ.

ಜಾಲದಲ್ಲಿ ಯಾರೋ ಅವನನ್ನು ಪುಸಲಾಯಿಸಿದರೆಂಬ ವಾದ ಅಂದಿನಿಂದ ಇಂದಿನವರೆಗೆ ನಡೆದಿದೆ. ಆದರೆ ಹುಡುಗನ ಬಳಿ ಫೋನಿರಲಿಲ್ಲ. ಶಾಲೆಯ, ಗ್ರಂಥಾಲಯದ ಗಣಕಯಂತ್ರಗಳನ್ನು ಶೋಧಿಸಿದರೂ ಸುಳಿವು ಸಿಗಲಿಲ್ಲ. ಅವನ ಕೈಯಲ್ಲಿದ್ದ ಆಟದ ಯಂತ್ರದಿಂದ ಖಾತೆ ತೆರೆದಿರಲಿಲ್ಲವೆಂದು ಕಂಪನಿ ತಿಳಿಸಿತು. 2021ರ ಡಿಸೆಂಬರಿನಲ್ಲಿ ಇಬ್ಬರನ್ನು ಹಿಡಿದರು. ಮುಂದೆ ಅವರ ಮೇಲೆ ಯಾವ ಕ್ರಮವೂ ಇಲ್ಲವೆಂದು ಪೊಲೀಸರೇ ಹೇಳಿದರು. ಹಾಗಾದರೆ ವಾದ ಏಕೆ ಸಾಯಲಿಲ್ಲ? ಅದನ್ನು ಅಲ್ಲಗಳೆಯಲು ಬೇಕಾದ ಸಾಕ್ಷ್ಯವನ್ನು ಹೊತ್ತಿಗೆ ಸರಿಯಾಗಿ ಕೂಡಿಸಲಿಲ್ಲ. ಗೈರುಹಾಜರಿ ತಿಳಿಸಲು ಶಾಲೆ ಮಾಡಿದ ಕರೆ ಬೇರೊಂದು ಮನೆಗೆ ಹೋಯಿತು. ನಿಲ್ದಾಣದ ಚಿತ್ರ ವಾರಗಳ ಮೇಲೆ ಸಿಕ್ಕಿತು. ಅಷ್ಟರಲ್ಲಿ ಸುತ್ತಲಿನ ಬೀದಿಗಳ ಕ್ಯಾಮರಾಗಳ ಚಿತ್ರಗಳನ್ನು ಹುಡುಕುವ ಕಾಲ ಮೀರಿತ್ತು. ಸಿರಿವಂತ ದೇಶದ ಗತಿಯೇ ಇದು!

ಪುಸಲಾಯಿಸುವವರ ರೀತಿ ಹೊಸದೇನಲ್ಲ, ದಾರಿ ಹೊಸದು. ಓರಗೆಯವನೆಂದು ಹೇಳಿಕೊಂಡು ಬರುತ್ತಾರೆ. ಹೊಗಳುತ್ತಾರೆ. ಮನೆಯವರ ಮೇಲೆ ಮಗುವಿಗಿರುವ ಸಿಟ್ಟನ್ನು ತಾಳ್ಮೆಯಿಂದ ಕೇಳುತ್ತಾರೆ. ನಮಗೆ ಪಾಳಿ ಮುಗಿಸಿ ಬಂದ ಮೇಲೆ ಆ ತಾಳ್ಮೆ ಎಲ್ಲಿ? ಯಾರಿಗೂ ಹೇಳಬೇಡವೆನ್ನುತ್ತಾರೆ, ಚಿತ್ರ ಕೇಳುತ್ತಾರೆ, ಚಿತ್ರ ಸಿಕ್ಕ ಮೇಲೆ ಹೆದರಿಸುತ್ತಾರೆ. ಲೈಂಗಿಕ ಕೃತ್ಯಕ್ಕಾಗಿ ಮಕ್ಕಳನ್ನು ಹೀಗೆ ಜಾಲದಲ್ಲಿ ಸಂಬಂಧಕ್ಕೆ ಎಳೆಯುವುದು ಮಾಹಿತಿ ತಂತ್ರಜ್ಞಾನ ಕಾನೂನಿನ 67ಬಿ ಕಲಮಿನಂತೆ 2009ರಿಂದ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಸಜೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಹೆದರಿದ ಮಗು ಮನೆಯಲ್ಲಿ ಬಾಯಿ ಬಿಟ್ಟರೆ ಬಡಿತ ಬೀಳುವುದೆಂದು ತಿಳಿದರೆ ಆ ವಂಚಕನ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟಂತೆ.

ಶಹಾಪುರ, ಸುರಪುರದ ಎಷ್ಟು ಮನೆಗಳವರು ಗುಳೆ ಹೋಗಿ ಬೆಂಗಳೂರು, ಮುಂಬಯಿಗಳಲ್ಲಿ ಕಲ್ಲುಮಣ್ಣು ಹೊರುತ್ತಿದ್ದಾರೆ ನಿಮಗೆ ಗೊತ್ತು. ಮಕ್ಕಳು ಅಜ್ಜಿಯ ಬಳಿ, ಮಕ್ಕಳ ಬಳಿ ಫೋನು. ಮಗಳು ಕಾಣೆಯಾದ ಸುದ್ದಿ ತಾಯಿಗೆ ಮುನ್ನೂರು ಮೈಲಿ ಆಚೆ ತಲುಪುತ್ತದೆ. ಅವಳು ಊರಿಗೆ ಬರುವವರೆಗೆ ಕಾಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಗುನ್ಹೆ ಎಲ್ಲಿಯೇ ನಡೆದಿರಲಿ, ಇದ್ದ ಊರಿನ ಠಾಣೆಯಲ್ಲಿಯೇ ಫಿರ್ಯಾದು ಕೊಡಬಹುದು; ಅದರ ಪ್ರತಿಯನ್ನು ಪುಕ್ಕಟೆಯಾಗಿ ಕೊಡತಕ್ಕದ್ದು. 'ಯಾರ ಹಿಂದೋ ಹೋಗಿರಬೇಕು, ಎರಡು ದಿನ ನೋಡಿ' ಎಂಬ ಮಾತನ್ನು ಕೇಳಿಕೊಂಡು ಹಿಂತಿರುಗಬೇಡಿ. ಹಮಾಲನ ಮಗಳಿಗೆ ಈ ಮಾತು, ಸಾಹುಕಾರನ ಮಗಳಿಗೆ ಜೀಪು! ಕಾಣೆಯಾದ ಪ್ರತಿ ಮಗುವಿನ ಫಿರ್ಯಾದನ್ನೂ ಎಫ್.ಐ.ಆರ್. ಆಗಿ ದಾಖಲಿಸಬೇಕು, ಅಪಹರಣ ಅಥವಾ ಮಾನವ ಸಾಗಾಣಿಕೆಯೆಂದು ಭಾವಿಸಿಯೇ ತನಿಖೆ ತೊಡಗಬೇಕು ಎಂದು ಸುಪ್ರೀಂ ಕೋರ್ಟು 2013ರ ಮೇ 10ರಂದು ಆಜ್ಞೆ ಮಾಡಿದೆ. ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಪ್ರಕರಣ ಮಾನವ ಸಾಗಾಣಿಕೆ ತಡೆ ಘಟಕಕ್ಕೆ ಹೋಗಬೇಕು. ತಾರೀಖು ಬರೆದಿಟ್ಟುಕೊಳ್ಳಿ, ಠಾಣೆಯ ಮೇಜಿನ ಮುಂದೆ ಹೇಳಿ. ರಾತ್ರಿಯಾದರೂ 112ಕ್ಕೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮನೆಯಲ್ಲಿ ಫೋನು ಉಳಿದಿದ್ದರೆ ಗೆಳೆಯರ ಕೈಗೆ ಕೊಟ್ಟು ತೆರೆಸಬೇಡಿ, ಏನನ್ನೂ ಅಳಿಸಬೇಡಿ. ಪೊಲೀಸರಿಗೆ ಕೊಟ್ಟು ಪಂಚನಾಮೆ ಬರೆಸಿ.

ವ್ಯಾಪಾರಿ ಬಂಧುಗಳಿಗೆ ಬೇರೆಯಾಗಿ ಒಂದು ಮಾತು. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ದೂರ ಹೋಗುವ ಮಗು ಬಸ್ ನಿಲ್ದಾಣದಲ್ಲಿ ನಿಲ್ಲಲೇಬೇಕು. ಇಲ್ಲವೆ ಯಾದಗಿರಿಗೆ ಬಂದು ಮುಂಬಯಿಯ ಅಥವಾ ಬೆಂಗಳೂರಿನ ಗಾಡಿ ಹಿಡಿಯಬೇಕು. ದಾರಿಯಲ್ಲಿ ಚಹಾ ಕುಡಿಯುತ್ತದೆ, ಬಿಸ್ಕತ್ತು ಕೊಳ್ಳುತ್ತದೆ. ಅದನ್ನು ಕಾಣುವುದು ನಿಮ್ಮ ದುಕಾನಿನ ಬಾಗಿಲ ಮೇಲಿನ ಕ್ಯಾಮರಾ. ಆ ಯಂತ್ರ ಕೆಲವು ದಿನಗಳ ಚಿತ್ರವನ್ನಷ್ಟೆ ಇಟ್ಟುಕೊಂಡು ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ಮಗು ಕಾಣೆಯಾದ ಸುದ್ದಿ ಕಿವಿಗೆ ಬಿದ್ದ ದಿನವೇ ಅಂದಿನ ಚಿತ್ರವನ್ನು ಬೇರೆ ತೆಗೆದಿಡಿ, ಠಾಣೆಗೆ ತಿಳಿಸಿ, ವಾಟ್ಸಾಪಿಗೆ ಹಾಕಬೇಡಿ. ಇನ್ನೊಂದು ಸಣ್ಣ ಸಂಗತಿ: ಎಷ್ಟೋ ಕ್ಯಾಮರಾಗಳಲ್ಲಿ ಗಂಟೆ, ತಾರೀಖು ತಪ್ಪಾಗಿ ಓಡುತ್ತಿರುತ್ತವೆ. ಇಂದು ರಾತ್ರಿ ಅಂಗಡಿ ಮುಚ್ಚುವ ಮೊದಲು ನಿಮ್ಮದನ್ನು ಒಮ್ಮೆ ನೋಡಿ ಸರಿಪಡಿಸಿ.