ಡ್ರೋನ್ ನಮ್ಮದು, ಬ್ಯಾಟರಿ ಯಾರದ್ದು?



ಈಗ ಯಾವ ಮದುವೆಗೆ ಹೋದ್ರೂ ತಲೆ ಮೇಲೊಂದು ಡ್ರೋನ್ ಗುಂಯ್ ಅಂತ ಸುತ್ತುತ್ತಾ ಇರುತ್ತೆ. ವಧೂವರರನ್ನು ಬಿಟ್ಟು ಜನ ಅದನ್ನೇ ನೋಡ್ತಾರೆ. ಹಾರಿಸುವ ಹುಡುಗನ ಹತ್ರ ಇದು ಯಾವ ಕಂಪನಿಯದ್ದಪ್ಪಾ ಅಂತ ಕೇಳಿ. ಹೆಚ್ಚಿನ ಸಲ ಒಂದೇ ಉತ್ತರ: ಡಿಜೆಐ. ಚೀನಾದ ಶೆನ್‌ಜೆನ್ ನಗರದ ಕಂಪನಿ.

ಹಾಂಗ್‌ಕಾಂಗ್‌ನಲ್ಲಿ ಇಂಜಿನಿಯರಿಂಗ್ ಓದಿದ ಫ್ರಾಂಕ್ ವಾಂಗ್ 2006ರಲ್ಲಿ ಶುರು ಮಾಡಿದ್ದು ಇದು. 2013ರಲ್ಲಿ ಇವರ ಫ್ಯಾಂಟಮ್ ಡ್ರೋನ್ ಬಂತು. ಅಲ್ಲಿಯವರೆಗೆ ಡ್ರೋನ್ ಹುಚ್ಚಿದ್ದವರು ತಾವೇ ಬಿಡಿಭಾಗ ತಂದು ಜೋಡಿಸಿಕೊಳ್ತಿದ್ರು. ಫ್ಯಾಂಟಮ್ ಬಂದ ಮೇಲೆ ಡಬ್ಬ ತೆಗಿ, ಹಾರಿಸು, ಅಷ್ಟೇ.

ಹಾಗಾದ್ರೆ ಅಮೆರಿಕದವರು ಕೈಕಟ್ಟಿ ಕೂತಿದ್ರಾ? ಇಲ್ಲ. ವೈರ್ಡ್ ಪತ್ರಿಕೆಯ ಸಂಪಾದಕರಾಗಿದ್ದ ಕ್ರಿಸ್ ಆಂಡರ್ಸನ್ ಅವರ ತ್ರೀಡಿ ರೊಬಾಟಿಕ್ಸ್ 2015ರಲ್ಲಿ ಸೋಲೋ ಅನ್ನುವ ಡ್ರೋನ್ ತಂತು. ಮರುವರ್ಷವೇ ಡ್ರೋನ್ ತಯಾರಿಕೆ ಬಿಟ್ಟು ಸಾಫ್ಟ್‌ವೇರ್ ಕಡೆ ಹೊರಳಿತು. ಕ್ಯಾಮೆರಾಕ್ಕೆ ಹೆಸರಾದ ಗೋಪ್ರೋ 2016ರಲ್ಲಿ ಡ್ರೋನ್ ಬಿಟ್ಟಿತು. ಹೆಸರೇನು ಗೊತ್ತಾ? ಕರ್ಮಾ! ಹಾರುವಾಗಲೇ ಕರೆಂಟ್ ಕೈಕೊಟ್ಟು ಕೆಲವು ಕೆಳಗೆ ಬಿದ್ದವು. ಮಾರಿದ ಸುಮಾರು 2,500 ಡ್ರೋನ್‌ಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯ್ತು. 2018ರ ಜನವರಿಯಲ್ಲಿ ಈ ವ್ಯವಹಾರವೇ ಬೇಡ ಅಂತ ಹೊರನಡೆದರು. ಫ್ರಾನ್ಸಿನ ಪ್ಯಾರಟ್ ಕೂಡ 2019ರಲ್ಲಿ ಆಟಿಕೆ ಡ್ರೋನ್ ನಿಲ್ಲಿಸಿತು.

ಯಾಕೆ ಹೀಗಾಯ್ತು? ಬುದ್ಧಿ ಕಮ್ಮಿ ಇತ್ತು ಅಂತಲ್ಲ. ಶೆನ್‌ಜೆನ್‌ನಲ್ಲಿ ಮೋಟರ್, ಬ್ಯಾಟರಿ, ಸರ್ಕ್ಯೂಟ್ ಬೋರ್ಡ್ ಎಲ್ಲ ಕೈಗೆಟುಕುವ ದೂರದಲ್ಲಿ ತಯಾರಾಗುತ್ತೆ. ಡ್ರೋನಿನ ಮಿದುಳಾದ ಫ್ಲೈಟ್ ಕಂಟ್ರೋಲರ್ ಡಿಜೆಐ ತನ್ನದೇ ಮಾಡಿಕೊಂಡಿತು. ಹೊಸ ಮಾಡೆಲ್ ಬೇಗ ಬಂತು, ಬೆಲೆ ಇಳೀತು. ಬೇರೆಯವರಿಗೆ ಅದಕ್ಕೆ ಹೆಜ್ಜೆ ಹಾಕೋಕೆ ಆಗಲಿಲ್ಲ.

ಸೋತವರು ಎಲ್ಲಿಗೆ ಹೋದ್ರು? ಪೊಲೀಸರು, ಸೇನೆ, ವಿದ್ಯುತ್ ಕಂಪನಿಗಳ ಹತ್ರ ಹೋದ್ರು. ಅಲ್ಲಿ ಗಿರಾಕಿ ಬೆಲೆಯೊಂದನ್ನೇ ಕೇಳಲ್ಲ. ಚಿತ್ರ, ಮಾಹಿತಿ ಯಾರ ಕೈಗೆ ಹೋಗುತ್ತೆ ಅಂತಲೂ ಕೇಳ್ತಾನೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಣಿಜ್ಯ ಇಲಾಖೆ ಡಿಜೆಐಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ತನ್ನ ಮೇಲಿನ ಆರೋಪಗಳನ್ನು ಡಿಜೆಐ ಒಪ್ಪಿಲ್ಲ, ಅದನ್ನೂ ಹೇಳಬೇಕು. ಒಟ್ಟಿನಲ್ಲಿ ಕ್ಯಾಮೆರಾ ಎಷ್ಟು ಚೆನ್ನಾಗಿದೆ ಅನ್ನುವ ಪೈಪೋಟಿ, ಯಾವ ದೇಶದ್ದು ಅನ್ನುವ ಪೈಪೋಟಿಯಾಯ್ತು.

ಇಲ್ಲೇ ಇರೋದು ನಿಜವಾದ ಪಾಠ. ಅಮೆರಿಕದ ಸ್ಕೈಡಿಯೋ 2023ರಲ್ಲಿ ಸಾಮಾನ್ಯ ಗ್ರಾಹಕರನ್ನು ಬಿಟ್ಟು ಸೇನೆ, ಪೊಲೀಸರನ್ನೇ ನೆಚ್ಚಿಕೊಂಡಿತು. ತೈವಾನ್‌ಗೆ ಡ್ರೋನ್ ಮಾರಿದ್ದಕ್ಕೆ 2024ರ ಅಕ್ಟೋಬರ್‌ನಲ್ಲಿ ಚೀನಾ ನಿರ್ಬಂಧ ಹೇರಿತು. ಆಮೇಲೆ ಒಂದು ಡ್ರೋನ್‌ಗೆ ಒಂದೇ ಬ್ಯಾಟರಿ ಅಂತ ಸ್ಕೈಡಿಯೋ ಪಡಿತರ ಶುರು ಮಾಡಬೇಕಾಯ್ತು! ಯಾಕಂದ್ರೆ ಬ್ಯಾಟರಿ ಬರ್ತಿದ್ದದ್ದು ಚೀನಾದಿಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈಗ ನಮ್ಮ ಮನೆಗೆ ಬರೋಣ. 2022ರ ಫೆಬ್ರವರಿ 9ರಂದು ನಾವು ವಿದೇಶಿ ಡ್ರೋನ್ ಆಮದು ನಿಷೇಧಿಸಿದೆವು. ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ ವಿನಾಯಿತಿ. ಆದ್ರೆ ಬಿಡಿಭಾಗ ತರೋದಕ್ಕೆ ತಡೆಯಿಲ್ಲ. ಪ್ರೋತ್ಸಾಹಧನಕ್ಕೆ 120 ಕೋಟಿ ರೂಪಾಯಿ ಎತ್ತಿಟ್ಟರು. ಐಡಿಯಾಫೋರ್ಜ್ ಷೇರು 2023ರ ಜುಲೈನಲ್ಲಿ 672 ರೂಪಾಯಿಯದ್ದು ಮೊದಲ ದಿನವೇ 1,300 ಮುಟ್ಟಿತು. ಆಮೇಲೆ ಅದೇ 672ಕ್ಕಿಂತ ಕೆಳಗೂ ಇಳೀತು. 2025ರಲ್ಲಿ ಚೀನಾ ಬಿಡಿಭಾಗದ ಕಾರಣಕ್ಕೆ ನಮ್ಮ ಸೇನೆಯ 400 ಡ್ರೋನ್‌ಗಳ ಗುತ್ತಿಗೆ ರದ್ದಾದ ಸುದ್ದಿ ಬಂತು.

ಇದು ಸೇನೆಯ ತಲೆನೋವು, ನಮಗೇನು ಅಂತೀರಾ? ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿಯಿದೆ. ಶೇಕಡ 80ರಷ್ಟು, ಗರಿಷ್ಠ 8 ಲಕ್ಷ, ಕೇಂದ್ರದ ನೆರವು. ಮಿಕ್ಕಿದ್ದಕ್ಕೆ ಸಂಘ ಸಾಲ ಮಾಡಬಹುದು. ಔಷಧಿ ಹೊಡೆಯುವ ಹೊತ್ತಿಗೆ ಬ್ಯಾಟರಿ ಸತ್ತು, ಹೊಸದು ಬಂದರಿನಲ್ಲೇ ನಿಂತ್ರೆ ಕಂತು ಕಟ್ಟೋರು ಯಾರು? ಆ ಅಕ್ಕ. ಬೆಳೆ ಕಳ್ಕೊಳ್ಳೋರು ಯಾರು? ರೈತ.

ನಾನು ನಿಷೇಧ ತಪ್ಪು ಅಂತ ಹೇಳ್ತಿಲ್ಲ. ನಿಷೇಧ ನಮಗೊಂದು ಮಾರುಕಟ್ಟೆ ಕೊಟ್ಟಿದೆ, ಮೋಟರ್ ಕೊಟ್ಟಿಲ್ಲ. ಬೆಂಗಳೂರಿನಲ್ಲಿ ಎಚ್‌ಎಎಲ್ ಇದೆ, ಎನ್‌ಎಎಲ್ ಇದೆ, ಆಸ್ಟೀರಿಯಾದಂಥ ಡ್ರೋನ್ ಕಂಪನಿಯಿದೆ, ಬೇಕಾದಷ್ಟು ಇಂಜಿನಿಯರುಗಳಿದ್ದಾರೆ. ಬೇಕಾಗಿರೋದು ಬ್ಯಾಟರಿ ಸೆಲ್, ಮೋಟರ್, ಕಂಟ್ರೋಲರ್ ಇಲ್ಲೇ ತಯಾರಾಗುವ ಹಾಗೆ ಹತ್ತು ವರ್ಷ ತಾಳ್ಮೆಯಿಂದ ಹಾಕುವ ಹಣ.

ಇನ್ಮೇಲೆ ಯಾರಾದ್ರೂ ಸ್ವದೇಶಿ ಡ್ರೋನ್ ಅಂತ ವೇದಿಕೆ ಮೇಲೆ ರಿಬ್ಬನ್ ಕತ್ತರಿಸಿದ್ರೆ ಚಪ್ಪಾಳೆ ತಟ್ಟಿ. ತಟ್ಟಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ಇದನ್ನು ಇಲ್ಲಿ ಮಾಡಿದ್ರಾ, ಇಲ್ಲಿ ಜೋಡಿಸಿದ್ರಾ?