ಒಂದು ಹಗಲು, ಒಂದು ಗೋಡೆ

ಮಂಗಳೂರಿನ ಪಣಂಬೂರಿಗೆ ಆಗಾಗ ವಿದೇಶಿ ಪ್ರವಾಸಿಗರ ಹಡಗು ಬರುತ್ತದೆ. ಬೆಳಿಗ್ಗೆ ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿಯ ಗೋಕರ್ಣನಾಥ ದೇವಸ್ಥಾನ ನೋಡಿ ಸಂಜೆಗೆ ಮತ್ತೆ ಹಡಗು ಹತ್ತುತ್ತಾರೆ. ಸಮುದ್ರವೇ ಇಲ್ಲದ ಹಾಸನ ಜಿಲ್ಲೆಗೂ ಎಷ್ಟೋ ಜನ ಬರುವುದು ಹೀಗೆಯೇ. ಅರಸೀಕೆರೆಯಲ್ಲಿ ರೈಲು ಇಳಿದು, ಇಲ್ಲವೇ ಬೆಂಗಳೂರಿನಲ್ಲಿ ನಸುಕಿಗೇ ಬಸ್ಸು ಹತ್ತಿ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಕತ್ತಲಾಗುವುದರೊಳಗೆ ಮುಗಿಸಬೇಕು. ಸಿಕ್ಕ ರಜೆ ಒಂದೇ ದಿನ, ಕೈಯಲ್ಲಿರುವ ದುಡ್ಡೂ ಅಷ್ಟಕ್ಕೇ. ಹಾಗೆ ಬರುವವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೇಳಿಕೊಳ್ಳುವುದು ಇಷ್ಟೇ: ಆ ಹಗಲಿನಲ್ಲಿ ಒಂದು ಗಂಟೆಯನ್ನು ಒಂದೇ ಗೋಡೆಗೆ ಕೊಡಿ.

ಆ ಗೋಡೆ ಹಳೇಬೀಡಿನ ಹೊಯ್ಸಳೇಶ್ವರದ್ದಾಗಲಿ. 1121ರ ಸುಮಾರಿಗೆ ಆರಂಭವಾದ ಗುಡಿ ಅದು. ಗೋಡೆಯ ಬುಡದಲ್ಲಿ ಆನೆಗಳ ಸಾಲು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ಮಕರ, ಹಂಸ. ಬರೀ ಆನೆಗಳನ್ನು ನೋಡುತ್ತಾ ಹೆಜ್ಜೆ ಹಾಕಿ. ಮೊದಮೊದಲು ಎಲ್ಲವೂ ಒಂದೇ ಥರ. ನಿಧಾನಿಸಿದರೆ ಸೊಂಡಿಲ ತಿರುವು ಬೇರೆ, ಕಾಲು ಎತ್ತಿದ ರೀತಿ ಬೇರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಆ ಮೆದುತನವನ್ನು ಉಳಿ ಹಿಡಿದವರು ಎಷ್ಟು ದುಡಿಸಿಕೊಂಡಿದ್ದಾರೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಕಾಲು ಸೋಲದಿದ್ದರೆ ಹತ್ತಿರದ ಬಸ್ತಿಹಳ್ಳಿಗೂ ಹೋಗಿ. ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಇಂದಿಗೂ ಮುಖ ಕಾಣುತ್ತದೆ. ಅವಸರದ ಬಸ್ಸುಗಳು ಅದನ್ನು ಬಿಟ್ಟೇ ಹೋಗುತ್ತವೆ.

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು. ಗೈಡು ದರ್ಪಣಸುಂದರಿಯನ್ನು ತೋರಿಸುತ್ತಾರೆ, ಎಲ್ಲರೂ ಫೋಟೊ ತೆಗೆಯುತ್ತಾರೆ. ಮದನಿಕೆಯರ ಪೀಠದಲ್ಲಿ ಕೆತ್ತಿರುವ ಕನ್ನಡ ಅಕ್ಷರಗಳನ್ನೂ ತೋರಿಸಿ ಎಂದು ಕೇಳಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಲ್ಲಿ ತಮ್ಮ ಹೆಸರು ಬಿಟ್ಟಿದ್ದಾರೆ. ಅರಸನ ಗುಡಿಯಲ್ಲಿ ಕೂಲಿಗೆ ದುಡಿದ ಅಪ್ಪ ಮಗ! ವಿಷ್ಣುವರ್ಧನನ ಹೆಸರು ಶಾಲೆಯ ಪುಸ್ತಕದಲ್ಲಿ ಹೇಗೂ ಇದೆ. ಜೊತೆಯಲ್ಲಿ ಮಕ್ಕಳಿದ್ದರೆ ಈ ಎರಡು ಹೆಸರನ್ನೂ ಹೇಳಿಕೊಡಿ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆ ಹೊತ್ತು ಇಡೀ ಜಿಲ್ಲೆಯೇ ಹಿಗ್ಗಬೇಕಾದದ್ದು. ಆದರೆ ಪಟ್ಟಿಯ ಹೊರಗಿರುವ ಅರಸೀಕೆರೆ ಬಹುಪಾಲು ಜನರಿಗೆ ಈಗಲೂ ರೈಲು ಬದಲಿಸುವ ಜಂಕ್ಷನ್ ಮಾತ್ರ, ಹೆಚ್ಚೆಂದರೆ ಕೊಬ್ಬರಿ ಮಾರುಕಟ್ಟೆ. ಅದೇ ಊರಿನೊಳಗೆ 13ನೇ ಶತಮಾನದ ಶಿವಾಲಯವಿದೆ. ನಕ್ಷತ್ರದ ಹಾಗೆ ಹದಿನಾರು ಮೂಲೆ ಚಾಚಿದ ಅದರ ತೆರೆದ ಮಂಟಪದಂಥದ್ದು ಹೊಯ್ಸಳರ ಕಟ್ಟಡಗಳಲ್ಲೇ ಅಪರೂಪ. ನಿಮ್ಮ ರೈಲಿಗೆ ಇನ್ನೆರಡು ಗಂಟೆ ಇದ್ದರೆ ಪ್ಲಾಟ್‌ಫಾರಂನಲ್ಲೇ ಕೂರಬೇಡಿ. ಹೊರಗೆ ಬಂದು, ಶಿವಾಲಯಕ್ಕೆ ಎಂದು ಹೇಳಿ ಆಟೊ ಹತ್ತಿ.