ಬೆಟ್ಟಕ್ಕೆ ಬೇರೆ ಊರಿನ ಹೆಸರು

(ಚಲನಚಿತ್ರ ಪ್ರದರ್ಶನದ ತರುವಾಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಮಣ್ಣು, ಗೊಬ್ಬರ, ಬೆಳೆಗಳ ಬಗ್ಗೆ ಮಾತನಾಡುವ ನನ್ನನ್ನು ಇಂದು ಸಿನಿಮಾದ ಬಗ್ಗೆ ಮಾತನಾಡಲು ಕರೆದಿದ್ದೀರಿ. ಸಿನಿಮಾದ ಕಲೆಯನ್ನು ವಿಮರ್ಶಿಸುವ ಪಾಂಡಿತ್ಯ ನನಗಿಲ್ಲ. ಆದರೆ ಬೆಟ್ಟಗಳ ನಡುವೆ ಬಾಳುವವರು ಸಿನಿಮಾ ನೋಡುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ತೆರೆಯ ಮೇಲೆ ಕಾಣುವ ಬೆಟ್ಟ ಯಾರ ಹೆಸರಿನಲ್ಲಿ ಕಾಣುತ್ತದೆ, ಯಾರ ಮಾತನ್ನು ಆಡುತ್ತದೆ?

ಇದಕ್ಕೆ ರಾಮನಗರಕ್ಕಿಂತ ಒಳ್ಳೆಯ ಉದಾಹರಣೆ ಬೇರೆಯಿಲ್ಲ. 1973ರಲ್ಲಿ ರಮೇಶ್ ಸಿಪ್ಪಿಯವರ ತಂಡ ರಾಮದೇವರಬೆಟ್ಟದ ಬುಡಕ್ಕೆ ಬಂದು ಒಂದು ಹಳ್ಳಿಯನ್ನೇ ಕಟ್ಟಿತು. 1975ರ ಆಗಸ್ಟ್ 15ರಂದು 'ಶೋಲೆ' ತೆರೆಕಂಡಾಗ ಆ ಹಳ್ಳಿ 'ರಾಮಗಢ'ವಾಗಿ ದೇಶಕ್ಕೆಲ್ಲ ಪರಿಚಿತವಾಯಿತು. ಸಲೀಂ–ಜಾವೇದ್ ಬರೆದ ಸಂಭಾಷಣೆಗಳು ಧ್ವನಿಮುದ್ರಿಕೆಗಳಾಗಿಯೂ ಮಾರಾಟವಾದವು. ಹಿಂದಿ ಬಾರದವರ ಬಾಯಲ್ಲೂ ಗಬ್ಬರನ ಮಾತು ನಲಿದಾಡಿತು. ಕನ್ನಡ ನಾಡಿನ ಬಂಡೆಗಳು ಉತ್ತರದ ಡಕಾಯಿತರ ನೆಲೆಯಾಗಿ ಜನರ ಮನಸ್ಸಿನಲ್ಲಿ ಉಳಿದವು.

ಇನ್ನೊಂದು ಉದಾಹರಣೆ ಪುಸ್ತಕದಿಂದ ಬಂದದ್ದು. ಇ. ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯ ಮರಾಬಾರ್ ಗುಹೆಗಳಿಗೆ ಬಿಹಾರದ ಬರಾಬರ್ ಗುಹೆಗಳು ಪ್ರೇರಣೆ. ಡೇವಿಡ್ ಲೀನ್ ಅದನ್ನು ಸಿನಿಮಾ ಮಾಡುವಾಗ ಆರಿಸಿಕೊಂಡದ್ದು ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನೂ ರಾಮದೇವರಬೆಟ್ಟವನ್ನೂ. ಕಥೆಗೆ ಬೇಕಾದ ಗುಹೆಯ ಬಾಯಿಗಳನ್ನು ಚಿತ್ರತಂಡ ಬಂಡೆಯಲ್ಲಿ ಕೊರೆಯಿಸಿತು. 1984ರಲ್ಲಿ ಚಿತ್ರ ಬಿಡುಗಡೆಯಾಯಿತು. ನೋಡಿದವರಿಗೆ ಅದು ಬಿಹಾರದ ಬೆಟ್ಟ.

ನಿರ್ದೇಶಕರನ್ನು ದೂರುವುದು ನನ್ನ ಉದ್ದೇಶವಲ್ಲ. ಕಥೆಗೆ ತಕ್ಕ ಜಾಗವನ್ನು ಹುಡುಕುವುದು ಅವರ ಕಸುಬು. ನನ್ನ ಚಿಂತೆ ಬೇರೆ. ಬೆಟ್ಟವೆಂದರೆ ಬರಿಯ ಹಿನ್ನೆಲೆ ಎಂಬ ನೋಟ ನಮಗೇ ರೂಢಿಯಾಗಿಬಿಟ್ಟರೆ, ಅದನ್ನು ಸೀಳಿ ಲಾರಿಗೆ ತುಂಬುವಾಗ ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ಹೇಳಲು ನಮ್ಮಲ್ಲಿ ಮಾತೇ ಇರುವುದಿಲ್ಲ. ಕನಕಪುರದ ಸುತ್ತ ಗ್ರಾನೈಟ್ ಗಣಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಬೆಟ್ಟಗಳಿಗೆ ತಮ್ಮದೇ ಕಥೆಯಿದೆ. ಭೂವಿಜ್ಞಾನಿಗಳು ಈ ಶಿಲೆಯನ್ನು 'ಕ್ಲೋಸ್‌ಪೇಟ್ ಗ್ರಾನೈಟ್' ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು. ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಮಳೆಗಾಲದಲ್ಲಿ ಈ ಬೋಳು ಬಂಡೆಗಳ ಮೇಲೆ ಬಿದ್ದ ನೀರು ದೊಣೆಗಳಲ್ಲಿ ನಿಂತು, ಉಳಿದದ್ದು ಬುಡದ ಮಣ್ಣಿಗೂ ಕೆರೆಗೂ ಇಳಿಯುತ್ತದೆ. ಅಲ್ಲಿನ ರಾಗಿಯ ಹೊಲಕ್ಕೂ ಹಿಪ್ಪುನೇರಳೆಯ ತೋಟಕ್ಕೂ ಬಂಡೆ ಹೀಗೆ ನೆಂಟನಾಗುತ್ತದೆ. ಬೆಟ್ಟ ಒಡೆದಾಗ ಈ ನೀರಿನ ದಾರಿಯೂ ಕೆಡುತ್ತದೆ.

ಇದೇ ಬಂಡೆಗಳ ಸಂದಿನಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ಗಬ್ಬರನನ್ನು ಬಲ್ಲ ಕೋಟ್ಯಂತರ ಜನರಲ್ಲಿ ಇವನ್ನು ಬಲ್ಲವರು ಎಷ್ಟು ಮಂದಿ? ದನಕರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧವೇ ರಣಹದ್ದುಗಳ ಸಾವಿಗೆ ಕಾರಣವೆಂದು 2004ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಔಷಧ ಪಡೆದು ಸತ್ತ ದನದ ಮಾಂಸ ತಿಂದ ಹಕ್ಕಿಯ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಈ ಔಷಧದ ಬಳಕೆಯನ್ನು ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಕೂಡ ನಿಷೇಧಕ್ಕೆ ಒಳಗಾದವು. ಹಸು ಸಾಕುವವರಲ್ಲಿ ನನ್ನ ವಿನಂತಿ ಇಷ್ಟೇ: ನೋವಿನ ಔಷಧ ಬೇಕಾದಾಗ ಮೆಲಾಕ್ಸಿಕಾಂ ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳಿ. ಅದು ಹದ್ದಿಗೆ ಅಪಾಯಕಾರಿಯಲ್ಲ. ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಆದರೆ ಹದ್ದು ಆಹಾರ ಹುಡುಕಿ ಧಾಮದ ಗಡಿಯಾಚೆ ಬಹುದೂರ ಹಾರುತ್ತದೆ. ಆದ್ದರಿಂದ ಅದರ ಉಳಿವು ನಮ್ಮ ಕೊಟ್ಟಿಗೆಗಳಲ್ಲಿಯೂ ನಿರ್ಧಾರವಾಗುತ್ತದೆ.

ನೆಲವನ್ನು ಅದರ ಹೆಸರಿನಲ್ಲೇ ತೋರಿಸಿದ ಸಿನಿಮಾಗಳು ಇಲ್ಲವೇ? ಇವೆ. ಶರಾವತಿ ಯೋಜನೆಯ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ಅವರು 'ದ್ವೀಪ' ಕಾದಂಬರಿ ಬರೆದರು. ಗಿರೀಶ್ ಕಾಸರವಳ್ಳಿಯವರು ಅದನ್ನು ಚಿತ್ರವಾಗಿಸಿದರು, ನಟಿ ಸೌಂದರ್ಯ ಅದರ ನಿರ್ಮಾಪಕಿಯೂ ಆದರು, ಅದಕ್ಕೆ ಸ್ವರ್ಣಕಮಲವೂ ಬಂತು. ಅಲ್ಲಿ ಮಳೆ ಮತ್ತು ಏರುವ ನೀರು ಪಾತ್ರಗಳಷ್ಟೇ ಮಾತನಾಡುತ್ತವೆ. ಅಣೆಕಟ್ಟು ಕೊಟ್ಟ ಬೆಳಕನ್ನು ಮಾತ್ರ ಬಲ್ಲ ಪಟ್ಟಣದವರಿಗೆ ಆ ಬೆಳಕಿಗಾಗಿ ಮನೆ ಬಿಟ್ಟವರ ಮುಖ ಅದರಲ್ಲಿ ಕಂಡಿತು. ಮೊದಲು ಪುಸ್ತಕವೊಂದು ಇದ್ದುದರಿಂದ ಇದು ಸಾಧ್ಯವಾಯಿತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ರಾಮನಗರದ ಮಗ್ಗುಲಲ್ಲೇ ಮಹಾನಗರವಿದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ರಾಮನಗರ, ಚನ್ನಪಟ್ಟಣಗಳ ಹೊರಗಿನಿಂದ ಸಾಗುತ್ತದೆ. ಆಲೆ ಮರದ ಬೊಂಬೆಗೆ ಅರಗಿನ ಬಣ್ಣ ಹಚ್ಚುವ ಕುಶಲಕರ್ಮಿಯ ಅಂಗಡಿಯನ್ನು ಪ್ರಯಾಣಿಕ ದಾರಿಯಲ್ಲಿ ಕಾಣುವುದಿಲ್ಲ. 2025ರಲ್ಲಿ ಜಿಲ್ಲೆಗೇ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲಾಯಿತು. ಹೆಸರಿನಿಂದ ಭೂಮಿಯ ಬೆಲೆ ಏರೀತು. ಬೆಲೆ ಏರಿದ ನೆಲದಲ್ಲಿ ಬಂಡೆ, ಕೆರೆ, ಗೋಮಾಳಗಳಿಗೆ ಯಾರು ವಾದಿಸುವರು?

ಮಿತ್ರರೇ, ಕ್ಯಾಮೆರಾ ಇಂದು ನಿಮ್ಮ ಜೇಬಿನಲ್ಲೇ ಇದೆ. ಅದನ್ನು ಹಿಡಿಯುವ ಮೊದಲು ಒಂದು ನೋಟ್‌ಪುಸ್ತಕ ಹಿಡಿಯಿರಿ. ನಿಮ್ಮೂರಿನ ಪ್ರತಿ ಗುಡ್ಡ, ಬಂಡೆ, ದೊಣೆ, ಹಳ್ಳದ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಯಾವ ಪೊಟರೆಯಲ್ಲಿ ಯಾವ ಹಕ್ಕಿಯಿದೆ, ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆ ಎಂಬುದನ್ನೂ ದಾಖಲಿಸಿ. ನಾಳೆ ಗಣಿಗಾರಿಕೆಯ ಅರ್ಜಿಯೊಂದು ಬಂದು ಗ್ರಾಮಸಭೆಯಲ್ಲಿ 'ಅದು ಬರಿಯ ಕಲ್ಲು' ಎಂದು ಯಾರಾದರೂ ಹೇಳಿದರೆ, ಎದ್ದು ನಿಂತು ಓದಲು ನಿಮ್ಮ ಕೈಯಲ್ಲಿ ಆ ಪುಸ್ತಕವಿರಲಿ.